ಸೈಕಲ್‌ಗೆ ಇನ್ಶೂರೆನ್ಸ್ ಇಲ್ಲ, ಹಾಗಾದರೆ ಪರಿಹಾರವೂ ಇಲ್ಲವೇ? ಅಪಘಾತದಲ್ಲಿ ಗಾಯಗೊಂಡ ಸೈಕಲ್ ಸವಾರರ ಹಕ್ಕುಗಳು

"ಲಾರಿಗೆ ಇನ್ಶೂರೆನ್ಸ್ ಇದೆ, ಬೈಕಿಗೂ ಇದೆ. ಸೈಕಲ್‌ಗೆ ಏನಿದೆ? ಆರ್‌ಸಿ ಇಲ್ಲ, ಲೈಸೆನ್ಸ್ ಇಲ್ಲ, ಇನ್ಶೂರೆನ್ಸ್ ಇಲ್ಲ. ಯಾವ ಆಧಾರದ ಮೇಲೆ ಪರಿಹಾರ ಕೇಳೋದು?"

ಸೈಕಲ್ ಸವಾರರು ಅಪಘಾತದಲ್ಲಿ ಗಾಯಗೊಂಡಾಗ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತಿದು. ಇದನ್ನು ನಂಬಿ ಆಸ್ಪತ್ರೆಯ ಬಾಗಿಲಲ್ಲೇ ಐದೋ ಹತ್ತೋ ಸಾವಿರಕ್ಕೆ ರಾಜಿಯಾಗಿ ಮನೆಗೆ ಹೋಗುವವರಿದ್ದಾರೆ. ಆದರೆ ಈ ಮಾತು ಕಾನೂನಿಗೆ ತೀರಾ ವಿರುದ್ಧವಾದದ್ದು. ಸೈಕಲ್ ಸವಾರರಿಗೆ ಪರಿಹಾರ ಸಿಗುವುದು ಅವರ ಸೈಕಲ್‌ನ ವಿಮೆಯಿಂದ ಅಲ್ಲ, ಅವರಿಗೆ ಗುದ್ದಿದ ವಾಹನದ ವಿಮೆಯಿಂದ. ಹಾಗಾಗಿ ಸೈಕಲ್‌ಗೆ ಕಾಗದಪತ್ರ ಇದೆಯೇ ಇಲ್ಲವೇ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ.

ಈ ಲೇಖನದಲ್ಲಿ ನಾವು ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲ್ ಸುತ್ತಲಿನ ರಸ್ತೆಗಳನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ಒಂದು ಕಾಲಕ್ಕೆ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದ ಈ ಹುಲ್ಲುಗಾವಲಿನಲ್ಲಿ ಮತ್ತು ಪಕ್ಕದ ಕುದಾಪುರ ಭಾಗದಲ್ಲಿ ಈಗ ವಿಜ್ಞಾನ ಮತ್ತು ರಕ್ಷಣಾ ಸಂಶೋಧನಾ ಸಂಸ್ಥೆಗಳಿವೆ. ಗೋಡೆಗಳು ಎದ್ದ ಮೇಲೆ ಕಾವಲಿನ ನಡುವೆ ಹಾಯುತ್ತಿದ್ದ ಹಲವು ದಾರಿಗಳು ಮುಚ್ಚಿದವು. ಹೊಲಕ್ಕೆ, ಕೂಲಿಗೆ, ಶಾಲೆಗೆ ಸೈಕಲ್‌ನಲ್ಲಿ ಹೋಗುವವರು ಟ್ರ್ಯಾಕ್ಟರ್, ಟಿಪ್ಪರ್, ಬಸ್ಸುಗಳ ಜೊತೆಗೇ ಡಾಂಬರು ರಸ್ತೆಯಲ್ಲಿ ಸಾಗಬೇಕು. ಹಿರಿಯೂರು, ಚಳ್ಳಕೆರೆ, ಬಳ್ಳಾರಿಗಳನ್ನು ಜೋಡಿಸುವ ರಾಷ್ಟ್ರೀಯ ಹೆದ್ದಾರಿ 150ಎ ಕೂಡ ಇದೇ ಸೀಮೆಯಲ್ಲಿ ಹಾದುಹೋಗುತ್ತದೆ. ಇಲ್ಲಿ ಹೇಳುವ ಕಾನೂನು ಮಾತ್ರ ರಾಜ್ಯದ ಎಲ್ಲ ಕಡೆಗೂ ಒಂದೇ.

ಸೈಕಲ್ ಸವಾರ 'ಮೂರನೇ ವ್ಯಕ್ತಿ'

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ರಸ್ತೆಗಿಳಿಯುವ ಪ್ರತಿ ಮೋಟಾರು ವಾಹನಕ್ಕೂ 'ಥರ್ಡ್ ಪಾರ್ಟಿ' ವಿಮೆ ಕಡ್ಡಾಯ. ಈ ಹೆಸರಿನ ಅರ್ಥ ಸರಳ. ವಾಹನದ ಮಾಲೀಕ ಮೊದಲನೆಯವನು, ವಿಮಾ ಕಂಪನಿ ಎರಡನೆಯದು. ಆ ವಾಹನದಿಂದ ಪೆಟ್ಟು ತಿಂದ ಹೊರಗಿನವರು ಮೂರನೆಯವರು. ನಡೆದು ಹೋಗುವವರು, ಕುರಿ ಮೇಯಿಸುವವರು, ಸೈಕಲ್ ಸವಾರರು ಎಲ್ಲರೂ ಈ ಮೂರನೆಯವರೇ. ಅಂದರೆ ಈ ವಿಮೆ ಇರುವುದೇ ಇವರಿಗಾಗಿ.

ಸೈಕಲ್ ಮೋಟಾರು ವಾಹನವಲ್ಲ. ಆದ್ದರಿಂದ ಅದಕ್ಕೆ ನೋಂದಣಿ, ಚಾಲನಾ ಪರವಾನಗಿ, ವಿಮೆ ಯಾವುದೂ ಬೇಕಿಲ್ಲ. ಮೋಟಾರ್ ಸೈಕಲ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿರುವ ಸೆಕ್ಷನ್ 129 ಕೂಡ ಸೈಕಲ್ ಸವಾರರಿಗೆ ಅನ್ವಯಿಸದು. ಬ್ಯಾಟರಿ ಸೈಕಲ್‌ಗಳ ವಿಚಾರದಲ್ಲಿ ಸ್ವಲ್ಪ ಎಚ್ಚರ ಬೇಕು. ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರದಂತಿದ್ದರೆ ಮಾತ್ರ ಅದಕ್ಕೆ ಈ ವಿನಾಯಿತಿ ಇದೆ.

ಅಪಘಾತವೆಂದರೆ ಓಡುತ್ತಿರುವ ವಾಹನ ಬಂದು ಗುದ್ದುವುದು ಮಾತ್ರವಲ್ಲ. ಕತ್ತಲಲ್ಲಿ ದೀಪ ಹಾಕದೆ ರಸ್ತೆಯ ಮೇಲೆ ನಿಲ್ಲಿಸಿದ ಲಾರಿಗೆ ಸೈಕಲ್ ಡಿಕ್ಕಿಯಾದರೂ, ನಿಂತ ಕಾರಿನ ಬಾಗಿಲು ಹಠಾತ್ತಾಗಿ ತೆರೆದು ಸವಾರ ಬಿದ್ದರೂ ಅದು 'ವಾಹನದ ಬಳಕೆಯಿಂದ ಆದ' ಅಪಘಾತವಾಗಬಹುದು. 'ಬಳಕೆ' ಎಂಬ ಪದಕ್ಕೆ ವಿಶಾಲ ಅರ್ಥವಿದೆ, ನಿಂತ ವಾಹನವೂ ಅದರಲ್ಲಿ ಸೇರುತ್ತದೆ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ.

ಯಾವ ಮೋಟಾರು ವಾಹನದ ಪಾತ್ರವೂ ಇಲ್ಲದೆ ಬರೀ ಗುಂಡಿಗೆ ಬಿದ್ದು ಗಾಯವಾದರೆ ದಾರಿ ಬೇರೆ. ಅದು ಮೋಟಾರು ಅಪಘಾತ ನ್ಯಾಯಮಂಡಳಿಗೆ ಬರುವುದಿಲ್ಲ. ರಸ್ತೆ ನಿರ್ವಹಣೆ ಮಾಡಬೇಕಾದವರ ವಿರುದ್ಧ ಸಿವಿಲ್ ನ್ಯಾಯಾಲಯಕ್ಕೋ ಹೈಕೋರ್ಟ್‌ಗೋ ಹೋಗಬೇಕಾಗುತ್ತದೆ.

ಮೊದಲ ಗಂಟೆ: ಹಣ ಕಟ್ಟಿದ ಮೇಲೇ ಚಿಕಿತ್ಸೆಯೇ?

ಅಲ್ಲ. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಗುದ್ದಿದ ಚಾಲಕನ ಕರ್ತವ್ಯ, ಯಾವುದೇ ವಿಧಿವಿಧಾನಕ್ಕೆ ಕಾಯದೆ ಚಿಕಿತ್ಸೆ ಆರಂಭಿಸುವುದು ವೈದ್ಯರ ಕರ್ತವ್ಯ ಎಂದು ಸೆಕ್ಷನ್ 134 ಹೇಳುತ್ತದೆ. ಪೊಲೀಸರು ಬರಲಿ ಎಂದೋ, ಮುಂಗಡ ಕಟ್ಟಲಿ ಎಂದೋ ತುರ್ತು ಚಿಕಿತ್ಸೆಯನ್ನು ತಡೆಯುವಂತಿಲ್ಲ.

2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ರಸ್ತೆ ಅಪಘಾತ ಸಂತ್ರಸ್ತರ ನಗದುರಹಿತ ಚಿಕಿತ್ಸಾ ಯೋಜನೆಯನ್ನು ಜಾರಿಗೆ ತಂದಿದೆ. ಮೋಟಾರು ವಾಹನದಿಂದ ಅಪಘಾತಕ್ಕೀಡಾದ ಯಾರಿಗೇ ಆಗಲಿ, ಅಪಘಾತದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಸಿಗಬೇಕು. ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಾದರೆ ಪ್ರಾಣಾಪಾಯ ತಪ್ಪಿಸುವಷ್ಟು ಚಿಕಿತ್ಸೆಗೆ ಮಾತ್ರ ಇದು ಅನ್ವಯ. ಈ ಯೋಜನೆಯಡಿ ಖರ್ಚಾದ ಹಣಕ್ಕೂ ನೀವು ಮುಂದೆ ಕೇಳಲಿರುವ ಪರಿಹಾರಕ್ಕೂ ಗೊಂದಲ ಬೇಡ. ಇದು ಜೀವ ಉಳಿಸಲು. ಅದು ಬದುಕು ಕಟ್ಟಿಕೊಳ್ಳಲು.

"ಕರೆದುಕೊಂಡು ಹೋದರೆ ನಮ್ಮನ್ನೇ ಕೋರ್ಟಿಗೆ ಅಲೆಸುತ್ತಾರೆ" ಎಂಬ ಭಯದಿಂದ ದಾರಿಹೋಕರು ಹಿಂದೆ ಸರಿಯುವುದುಂಟು. ಸೆಕ್ಷನ್ 134ಎ ಅಂಥವರಿಗೆ ರಕ್ಷಣೆ ಕೊಡುತ್ತದೆ. ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ, ಹೆಸರು ವಿಳಾಸ ಕೊಡಲು ಒತ್ತಾಯಿಸುವಂತಿಲ್ಲ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್, 112ಕ್ಕೆ ಕರೆ ಮಾಡಿದರೆ ಪೊಲೀಸ್ ನೆರವು ಸಿಗುತ್ತದೆ. ಗಂಭೀರವಾಗಿ ಗಾಯಗೊಂಡವರನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆಗೆ ಸೇರಿಸಿ ಜೀವ ಉಳಿಸಿದವರಿಗೆ ಬಹುಮಾನ ಕೊಡುವ ಯೋಜನೆಯೂ ಇದೆ. 2025ರಿಂದ ಅದರ ಮೊತ್ತ 25,000 ರೂಪಾಯಿ.

ಆಸ್ಪತ್ರೆಯಲ್ಲಿ ಬರೆಸುವ ಒಂದು ಸಾಲು

ಗಾಯಾಳುವನ್ನು ಸೇರಿಸುವಾಗ ವೈದ್ಯರು "ಹೇಗಾಯಿತು?" ಎಂದು ಕೇಳುತ್ತಾರೆ. ಗಾಬರಿಯಲ್ಲಿ ಜೊತೆಗಿದ್ದವರು "ಸೈಕಲ್ ಮೇಲಿಂದ ಬಿದ್ದ" ಎಂದಷ್ಟೇ ಹೇಳುತ್ತಾರೆ. ಎಷ್ಟೋ ಸಲ ಗುದ್ದಿದ ವಾಹನದವರೇ ಆಸ್ಪತ್ರೆಗೆ ತಂದಿರುತ್ತಾರೆ. "ಪೊಲೀಸ್ ಕೇಸ್ ಬೇಡ, ಬಿದ್ದ ಅಂತ ಬರೆಸಿ, ಖರ್ಚು ನಾವು ನೋಡ್ಕೋತೀವಿ" ಎನ್ನುತ್ತಾರೆ. ಪುಸ್ತಕದಲ್ಲಿ ಅದೇ ದಾಖಲಾಗುತ್ತದೆ.

ಆರು ತಿಂಗಳ ನಂತರ ನ್ಯಾಯಮಂಡಳಿಯಲ್ಲಿ ವಿಮಾ ಕಂಪನಿಯ ವಕೀಲರು ಮೊದಲು ತೋರಿಸುವುದು ಈ ಸಾಲನ್ನೇ. "ಗಾಯಾಳು ತಾನಾಗಿ ಬಿದ್ದಿದ್ದಾನೆ, ವಾಹನವನ್ನು ಆಮೇಲೆ ಸೇರಿಸಿದ್ದಾರೆ" ಎಂದು ವಾದಿಸುತ್ತಾರೆ. ಆದ್ದರಿಂದ ಯಾವ ರಸ್ತೆಯಲ್ಲಿ, ಯಾವ ವಾಹನ ಗುದ್ದಿತು ಎಂಬುದನ್ನು ಮೊದಲ ದಾಖಲೆಯಲ್ಲೇ ಬರೆಸಿ. ವಾಹನದ ಸಂಖ್ಯೆ ಗೊತ್ತಿದ್ದರೆ ಅದನ್ನೂ ಹೇಳಿ. ಗೊತ್ತಿಲ್ಲದಿದ್ದರೆ "ಸಂಖ್ಯೆ ತಿಳಿಯದ ಟಿಪ್ಪರ್ ಗುದ್ದಿದೆ" ಎಂದಾದರೂ ಬರೆಸಿ. 'ಎಂಎಲ್‌ಸಿ' ಎಂದು ದಾಖಲಿಸಲು, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ ಎಂದು ಗುರುತಿಸಲು ಕೇಳಿ.

ಎಫ್‌ಐಆರ್ ತಡವಾದರೆ ಎಲ್ಲ ಮುಗಿಯಿತೇ?

ದೂರು ಬೇಗ ಕೊಟ್ಟಷ್ಟೂ ಒಳ್ಳೆಯದು. ಆದರೆ ಗಾಯಾಳು ಆಸ್ಪತ್ರೆಯಲ್ಲಿದ್ದಾಗ ಮನೆಯವರು ಮೊದಲು ಜೀವ ನೋಡುತ್ತಾರೆಯೇ ಹೊರತು ಠಾಣೆಗೆ ಓಡುವುದಿಲ್ಲ. ಇದನ್ನು ನ್ಯಾಯಾಲಯಗಳೂ ಒಪ್ಪಿವೆ. ಎಫ್‌ಐಆರ್ ತಡವಾಯಿತು ಎಂಬ ಒಂದೇ ಕಾರಣಕ್ಕೆ ನಿಜವಾದ ಪರಿಹಾರ ಅರ್ಜಿಯನ್ನು ತಳ್ಳಿಹಾಕಬಾರದು ಎಂದು 2011ರ ರವಿ ವಿರುದ್ಧ ಬದ್ರಿನಾರಾಯಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಡವಾದದ್ದಕ್ಕೆ ನಂಬುವಂಥ ಕಾರಣ ಇರಬೇಕು, ಅಷ್ಟೆ.

ಗುದ್ದಿದ ಚಾಲಕನ ಮೇಲೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 281 ಮತ್ತು 125ರಡಿ, ಸಾವು ಸಂಭವಿಸಿದರೆ ಸೆಕ್ಷನ್ 106ರಡಿ ಪ್ರಕರಣ ದಾಖಲಾಗುತ್ತದೆ. ಅದು ಕ್ರಿಮಿನಲ್ ಮೊಕದ್ದಮೆ. ಪರಿಹಾರದ ಅರ್ಜಿ ಅದರಿಂದ ಬೇರೆ. ಕ್ರಿಮಿನಲ್ ಪ್ರಕರಣದಲ್ಲಿ ಅಪರಾಧವನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತುಪಡಿಸಬೇಕು. ನ್ಯಾಯಮಂಡಳಿಯಲ್ಲಿ 'ಹೀಗೆ ಆಗಿರುವ ಸಾಧ್ಯತೆಯೇ ಹೆಚ್ಚು' ಎಂದು ತೋರಿಸಿದರೆ ಸಾಕು. ಹಾಗಾಗಿ ಚಾಲಕ ಖುಲಾಸೆಯಾದ ಮಾತ್ರಕ್ಕೆ ನಿಮ್ಮ ಅರ್ಜಿ ಬಿದ್ದುಹೋಗುವುದಿಲ್ಲ.

ಪರಿಹಾರಕ್ಕೆ ಮೂರು ದಾರಿಗಳು

1. ತಪ್ಪು ಯಾರದೆಂದು ತೋರಿಸಿ ಪೂರ್ಣ ಪರಿಹಾರ ಕೇಳುವುದು (ಸೆಕ್ಷನ್ 166). ಇಲ್ಲಿ ಮೊತ್ತಕ್ಕೆ ಮೇಲ್ಮಿತಿ ಇಲ್ಲ. ಚಾಲಕನ ನಿರ್ಲಕ್ಷ್ಯವನ್ನು ತೋರಿಸಬೇಕು. ದೊಡ್ಡ ಗಾಯ, ಶಾಶ್ವತ ಅಂಗವೈಕಲ್ಯ ಅಥವಾ ಸಾವಿನ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಇದೇ ಸರಿಯಾದ ದಾರಿ.

2. ತಪ್ಪಿನ ಚರ್ಚೆ ಇಲ್ಲದೆ ನಿಗದಿತ ಮೊತ್ತ (ಸೆಕ್ಷನ್ 164). ಸಾವಾದರೆ 5 ಲಕ್ಷ, ತೀವ್ರ ಗಾಯವಾದರೆ 2.5 ಲಕ್ಷ ರೂಪಾಯಿ. 2019ರ ತಿದ್ದುಪಡಿಯಿಂದ ಬಂದ ಈ ವ್ಯವಸ್ಥೆ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕಾನೂನಿನ ಕಣ್ಣಲ್ಲಿ ಮೂಳೆ ಮುರಿತವೂ ತೀವ್ರ ಗಾಯವೇ. ನ್ಯಾಯ ಸಂಹಿತೆಯ ಸೆಕ್ಷನ್ 116ರಂತೆ 15 ದಿನ ತೀವ್ರ ನೋವು ಅನುಭವಿಸಿದರೂ, 15 ದಿನ ದೈನಂದಿನ ಕೆಲಸ ಮಾಡಲಾಗದಿದ್ದರೂ ಅದು ತೀವ್ರ ಗಾಯವೇ.

3. ಗುದ್ದಿ ಪರಾರಿಯಾದ ವಾಹನ ಪತ್ತೆಯೇ ಆಗದಿದ್ದರೆ (ಸೆಕ್ಷನ್ 161). ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. 2022ಕ್ಕೆ ಮೊದಲು ಇದು 25,000 ಮತ್ತು 12,500 ಇತ್ತು. ಇದಕ್ಕೆ ನ್ಯಾಯಮಂಡಳಿಗೆ ಹೋಗಬೇಕಿಲ್ಲ. ಕಂದಾಯ ಇಲಾಖೆಯ ವಿಚಾರಣಾಧಿಕಾರಿಗೆ, ಅಂದರೆ ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬೇಕು. ಮಂಜೂರು ಮಾಡುವವರು ಜಿಲ್ಲಾಧಿಕಾರಿ. ಈ ಯೋಜನೆ ಹೆಚ್ಚಿನವರಿಗೆ ಗೊತ್ತೇ ಇಲ್ಲ ಎಂಬುದನ್ನು ಗಮನಿಸಿದ ಸುಪ್ರೀಂ ಕೋರ್ಟ್, ಒಂದು ತಿಂಗಳಲ್ಲಿ ವಾಹನ ಪತ್ತೆಯಾಗದಿದ್ದರೆ ಪೊಲೀಸರೇ ಗಾಯಾಳು ಅಥವಾ ಕುಟುಂಬಕ್ಕೆ ಲಿಖಿತವಾಗಿ ತಿಳಿಸಬೇಕು ಎಂದು 2024ರ ಜನವರಿಯಲ್ಲಿ ಆದೇಶಿಸಿದೆ.

ಎರಡನೇ ದಾರಿಯಲ್ಲಿ ಒಂದು ಎಚ್ಚರಿಕೆ ಇದೆ. ಸೆಕ್ಷನ್ 164ರ ಮೊತ್ತವನ್ನು ವಿಮಾ ಕಂಪನಿಯ ಜೊತೆಗಿನ ಇತ್ಯರ್ಥದಲ್ಲಿ ಒಪ್ಪಿಕೊಂಡರೆ ನ್ಯಾಯಮಂಡಳಿಯಲ್ಲಿರುವ ನಿಮ್ಮ ಅರ್ಜಿ ಕೊನೆಗೊಳ್ಳುತ್ತದೆ. ಕಾಲು ಕಳೆದುಕೊಂಡ 30 ವರ್ಷದ ಕೂಲಿಕಾರರಿಗೆ 2.5 ಲಕ್ಷ ತೀರಾ ಕಡಿಮೆ. ಕೈಮೂಳೆ ಮುರಿದು ಮೂರು ತಿಂಗಳಲ್ಲಿ ಪೂರ್ತಿ ಗುಣವಾದವರಿಗೆ ಅದೇ ಮೊತ್ತ ಚೆನ್ನಾಗಿಯೇ ಇರಬಹುದು. ಸಹಿ ಹಾಕುವ ಮೊದಲು ಗಾಯದ ಪೂರ್ಣ ಪರಿಣಾಮ ಏನೆಂದು ವೈದ್ಯರಿಂದ ತಿಳಿದುಕೊಳ್ಳಿ.

ಅರ್ಜಿ ಎಲ್ಲಿ, ಎಷ್ಟು ದಿನದೊಳಗೆ?

ಸೆಕ್ಷನ್ 166ರ ಅರ್ಜಿಯನ್ನು ಅಪಘಾತ ನಡೆದ ಸ್ಥಳದ ನ್ಯಾಯಮಂಡಳಿಯಲ್ಲೇ ಕೊಡಬೇಕೆಂದಿಲ್ಲ. ನೀವು ವಾಸಿಸುವ ಅಥವಾ ವ್ಯವಹಾರ ನಡೆಸುವ ಊರಿನ, ಇಲ್ಲವೇ ಎದುರುದಾರರು ಇರುವ ಊರಿನ ವ್ಯಾಪ್ತಿಯಲ್ಲೂ ಕೊಡಬಹುದು. ಗಡಿ ತಾಲ್ಲೂಕುಗಳಾದ ಚಳ್ಳಕೆರೆ, ಮೊಳಕಾಲ್ಮೂರಿನವರಿಗೆ ಇದು ಮುಖ್ಯ. ಆಂಧ್ರದ ರಾಯದುರ್ಗದ ಕಡೆ ಕೂಲಿಗೆ ಹೋಗಿದ್ದಾಗ ಅಪಘಾತವಾದರೂ ಅರ್ಜಿಯನ್ನು ತಮ್ಮ ಜಿಲ್ಲೆಯಲ್ಲೇ ಸಲ್ಲಿಸಬಹುದು. ತೆಲುಗಿನ ಪೊಲೀಸ್ ದಾಖಲೆಗಳಿಗೆ ಅನುವಾದ ಬೇಕಾಗುತ್ತದೆ. ಕರ್ನಾಟಕದಲ್ಲಿ ಜಿಲ್ಲಾ ನ್ಯಾಯಾಲಯದ ಜೊತೆಗೆ ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯಗಳಿಗೂ ಹೆಚ್ಚುವರಿ ನ್ಯಾಯಮಂಡಳಿಯ ಅಧಿಕಾರ ಕೊಟ್ಟಿರುತ್ತಾರೆ. ನಿಮ್ಮ ತಾಲ್ಲೂಕು ನ್ಯಾಯಾಲಯದಲ್ಲಿ ಮೊದಲು ವಿಚಾರಿಸಿ.

ಕಾಲಮಿತಿ 6 ತಿಂಗಳು. ಹಿಂದೆ ಮಿತಿ ಇರಲಿಲ್ಲ, ತಿದ್ದುಪಡಿಯ ನಂತರ 2022ರ ಏಪ್ರಿಲ್‌ನಿಂದ ಇದು ಬಂದಿದೆ. ಈ ಮಿತಿಯನ್ನು ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನಿಸಲಾಗಿದ್ದು, ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ಬಂದಿದೆ. ಮಧ್ಯಂತರ ಆದೇಶವನ್ನು ನಂಬಿ ಕಾಯುವುದು ಜಾಣತನವಲ್ಲ. ಚಿಕಿತ್ಸೆ ಮುಗಿಯದಿದ್ದರೂ 6 ತಿಂಗಳೊಳಗೆ ಅರ್ಜಿ ಹಾಕಿಬಿಡಿ. ನಂತರದ ಬಿಲ್ಲುಗಳನ್ನು ವಿಚಾರಣೆಯಲ್ಲಿ ಸೇರಿಸಬಹುದು.

ನಿಯಮಗಳ ಪ್ರಕಾರ ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿ, 90 ದಿನದೊಳಗೆ ವಿವರವಾದ ವರದಿಯನ್ನು ನ್ಯಾಯಮಂಡಳಿಗೆ ಕಳಿಸಬೇಕು. ಅಂಥ ವರದಿಯನ್ನೇ ಪರಿಹಾರ ಅರ್ಜಿಯೆಂದು ಪರಿಗಣಿಸಬಹುದು. ಆದರೂ "ಪೊಲೀಸರು ಕಳಿಸುತ್ತಾರೆ" ಎಂದು ಸುಮ್ಮನೆ ಕೂರಬೇಡಿ. ಕಳಿಸಿದ್ದಾರೆಯೇ ಎಂದು ಕೇಳಿ, ಪ್ರತಿ ಪಡೆಯಿರಿ.

"ಸೈಕಲ್‌ನವನೇ ಅಡ್ಡ ಬಂದ"

ವಿಮಾ ಕಂಪನಿಗಳು ಹೆಚ್ಚಾಗಿ ಬಳಸುವ ವಾದವಿದು. ಗಾಯಾಳುವಿನ ತಪ್ಪೂ ಸೇರಿದೆ ಎಂದು ನ್ಯಾಯಮಂಡಳಿಗೆ ಅನಿಸಿದರೆ ಆ ಪಾಲಿನಷ್ಟು ಪರಿಹಾರ ಕಡಿತವಾಗುತ್ತದೆ. 10 ಲಕ್ಷ ಎಂದು ಲೆಕ್ಕವಾಗಿ, ಸವಾರರ ತಪ್ಪು ಶೇ 25 ಎಂದಾದರೆ ಕೈಗೆ ಬರುವುದು 7.5 ಲಕ್ಷ. ಸ್ವಲ್ಪ ತಪ್ಪಿದ್ದ ಮಾತ್ರಕ್ಕೆ ಪರಿಹಾರ ಪೂರ್ತಿ ಹೋಗುವುದಿಲ್ಲ.

ಈ ವಾದವನ್ನು ಅಳೆಯಲು ಸ್ವಲ್ಪ ಭೌತವಿಜ್ಞಾನ ಬೇಕು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಬರುವ ವಾಹನ ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ಎದುರಿಗಿರುವುದನ್ನು ಕಂಡು ಬ್ರೇಕ್ ಮೇಲೆ ಕಾಲಿಡಲು ಚಾಲಕನಿಗೆ ಒಂದೂವರೆ ಸೆಕೆಂಡ್ ಬೇಕೆಂದು ಇಟ್ಟುಕೊಳ್ಳೋಣ. ಬ್ರೇಕ್ ಒತ್ತುವ ಮೊದಲೇ ವಾಹನ 33 ಮೀಟರ್ ಮುಂದೆ ಬಂದಿರುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿದ್ದರೆ ಇದು ಸುಮಾರು 17 ಮೀಟರ್. ಬ್ರೇಕ್ ಹಾಕಿದ ಮೇಲೆ ನಿಲ್ಲಲು ಬೇಕಾದ ದೂರವಂತೂ ವೇಗ ಇಮ್ಮಡಿಯಾದರೆ ನಾಲ್ಕು ಪಟ್ಟಾಗುತ್ತದೆ. ಊರಿನ ತಿರುವಿನಲ್ಲಿ, ಶಾಲೆಯ ಬಳಿ "ಹಠಾತ್ತಾಗಿ ಅಡ್ಡ ಬಂದ" ಎಂಬ ಮಾತಿನ ಹಿಂದೆ ಎಷ್ಟೋ ಸಲ ಇರುವುದು ಚಾಲಕನ ಅತಿವೇಗ.

ಅದಕ್ಕೇ ಸ್ಥಳ ಮಹಜರು ಮತ್ತು ನಕ್ಷೆ ಮುಖ್ಯ. ಸೈಕಲ್ ರಸ್ತೆಯ ಎಡ ಅಂಚಿನಲ್ಲಿ ಬಿದ್ದಿತ್ತೇ, ಟೈರ್ ಗುರುತು ಎಷ್ಟು ಉದ್ದವಿತ್ತು, ಹಿಂದಿನ ಚಕ್ರ ಸೊಟ್ಟಗಾಗಿದೆಯೇ ಮುಂದಿನದೇ ಎಂಬ ವಿವರಗಳು ಗುದ್ದಿದ ದಿಕ್ಕನ್ನು ಹೇಳುತ್ತವೆ. ಮನೆಯವರೋ ಊರವರೋ ಮೊಬೈಲಿನಲ್ಲಿ ಫೋಟೊ ತೆಗೆದಿಡಲಿ. ಮುರಿದ ಸೈಕಲ್ಲನ್ನು ಗುಜರಿಗೆ ಹಾಕಬೇಡಿ, ಅದೂ ಸಾಕ್ಷಿ. ಅದರ ಬೆಲೆಯನ್ನೂ ಕೇಳಬಹುದು.

ಡಬಲ್ಸ್ ಹೋಗುತ್ತಿದ್ದರೆ? ಬೈಕಿನಲ್ಲಿ ಮೂವರು ಕೂತಿದ್ದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದ ಮಾತು ಇಲ್ಲಿಗೂ ದಾರಿ ತೋರಿಸುತ್ತದೆ: ನಿಯಮ ಮುರಿದದ್ದಷ್ಟೇ ಸಾಲದು, ಅದರಿಂದಲೇ ಅಪಘಾತವಾಯಿತು ಅಥವಾ ಗಾಯ ಹೆಚ್ಚಾಯಿತು ಎಂದು ತೋರಿಸಬೇಕು.

ಮೊತ್ತವನ್ನು ಹೇಗೆ ಲೆಕ್ಕ ಹಾಕುತ್ತಾರೆ?

ಪರಿಹಾರವೆಂದರೆ ಆಸ್ಪತ್ರೆ ಬಿಲ್ಲು ಮಾತ್ರ ಎಂದು ತಿಳಿದವರೇ ಹೆಚ್ಚು. 2010ರ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಯಾವ್ಯಾವ ಬಾಬ್ತುಗಳಿಗೆ ಪರಿಹಾರ ಸಿಗಬೇಕೆಂದು ಬಿಡಿಸಿ ಹೇಳಿದೆ. ಚಿಕಿತ್ಸೆ, ಔಷಧಿ, ಓಡಾಟ, ಪೌಷ್ಟಿಕ ಆಹಾರ, ಚಿಕಿತ್ಸೆಯ ಅವಧಿಯಲ್ಲಿ ತಪ್ಪಿದ ಗಳಿಕೆ, ಶಾಶ್ವತ ಅಂಗವೈಕಲ್ಯದಿಂದ ಮುಂದೆ ತಪ್ಪಲಿರುವ ಗಳಿಕೆ, ಮುಂದಿನ ಶಸ್ತ್ರಚಿಕಿತ್ಸೆಯ ವೆಚ್ಚ, ನೋವು, ಬದುಕಿನ ಸೌಖ್ಯಕ್ಕಾದ ನಷ್ಟ ಎಲ್ಲವೂ ಇದರಲ್ಲಿ ಬರುತ್ತವೆ.

ಅದೇ ತೀರ್ಪಿನ ಇನ್ನೊಂದು ಮುಖ್ಯ ಅಂಶ: ದೇಹದ ಊನಕ್ಕೂ ದುಡಿಮೆಯ ನಷ್ಟಕ್ಕೂ ವ್ಯತ್ಯಾಸವಿದೆ. ಎಡಗೈ ಕಳೆದುಕೊಂಡ ಬಡಗಿಯ ದುಡಿಮೆ ಬಹುತೇಕ ನಿಂತೇ ಹೋಗಬಹುದು. ಅದೇ ಕೈ ಕಳೆದುಕೊಂಡ ಗುಮಾಸ್ತರು ಕೆಲಸದಲ್ಲಿ ಮುಂದುವರಿಯಬಹುದು. ವೈದ್ಯರು ಬರೆದ ಶೇಕಡಾವಾರು ಒಂದೇ ಆದರೂ ಪರಿಹಾರ ಬೇರೆ ಬೇರೆ. ಕರ್ನಾಟಕದಿಂದ ಹೋದ ಸೈಯದ್ ಸಾದಿಕ್ ಪ್ರಕರಣದಲ್ಲಿ (2014) ಕಾಲು ಕಳೆದುಕೊಂಡ ತರಕಾರಿ ವ್ಯಾಪಾರಿಯ ದುಡಿಮೆಯ ನಷ್ಟವನ್ನು ಸುಪ್ರೀಂ ಕೋರ್ಟ್ ಶೇ 85 ಎಂದು ಎಣಿಸಿತು. ಸಂಬಳದ ಚೀಟಿ ಇಲ್ಲದಿದ್ದರೂ ತಿಂಗಳಿಗೆ 6,500 ರೂಪಾಯಿ ಗಳಿಕೆ ಇತ್ತೆಂದು ಒಪ್ಪಿತು. ಅದು 2008ರ ಅಪಘಾತ. ಹೊಲದ ಕೆಲಸದವರು, ಕುರಿಗಾಹಿಗಳು, ಎಣ್ಣೆ ಮಿಲ್ಲಿನ ಹಮಾಲರು "ನಮಗೆ ಸ್ಯಾಲರಿ ಸ್ಲಿಪ್ ಇಲ್ಲ" ಎಂದು ಹಿಂಜರಿಯಬೇಕಿಲ್ಲ. ಆದಾಯದ ದಾಖಲೆ ಇಲ್ಲದವರಿಗೆ ಅಪಘಾತವಾದ ವರ್ಷಕ್ಕೆ ಅನುಗುಣವಾದ ಅಂದಾಜು ಆದಾಯವನ್ನು ಹಿಡಿಯುತ್ತಾರೆ. ಕರ್ನಾಟಕದಲ್ಲಿ ಲೋಕ ಅದಾಲತ್‌ಗಳಿಗೆಂದು ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಮಾಡಿದ ಪಟ್ಟಿ ಇದಕ್ಕೆ ಬಳಕೆಯಲ್ಲಿದೆ.

ಲೆಕ್ಕವನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ದೊಡ್ಡ ಉಳ್ಳಾರ್ತಿಯಿಂದ ಚಳ್ಳಕೆರೆಗೆ ಸೈಕಲ್‌ನಲ್ಲಿ ಕೂಲಿಗೆ ಹೋಗುವ 38 ವರ್ಷದ ವ್ಯಕ್ತಿ. ತಿಂಗಳ ಆದಾಯ 12,000 ರೂಪಾಯಿ. ದುಡಿಮೆಯ ನಷ್ಟ ಶೇ 30. 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಂತೆ 36ರಿಂದ 40 ವಯಸ್ಸಿನವರಿಗೆ ಗುಣಕ 15.

12,000 × 12 ತಿಂಗಳು × 15 × ಶೇ 30 = 6,48,000 ರೂಪಾಯಿ.

ಗಂಭೀರ ಅಂಗವೈಕಲ್ಯದಲ್ಲಿ ಮುಂದೆ ಹೆಚ್ಚಬಹುದಾಗಿದ್ದ ಗಳಿಕೆಯನ್ನೂ ಸೇರಿಸುವುದುಂಟು. 40 ವರ್ಷದೊಳಗಿನ ಸ್ವಂತ ದುಡಿಮೆಯವರಿಗೆ ಅದು ಶೇ 40. ಆಗ ಮೊತ್ತ 9,07,200 ಆಗುತ್ತದೆ. ಚಿಕಿತ್ಸೆ, ನೋವು ಮುಂತಾದ ಬಾಬ್ತುಗಳು ಇದಕ್ಕೆ ಸೇರುತ್ತವೆ. ಅರ್ಜಿ ಹಾಕಿದ ದಿನದಿಂದ ಬಡ್ಡಿಯೂ ಬರುತ್ತದೆ, ಸಾಮಾನ್ಯವಾಗಿ ವರ್ಷಕ್ಕೆ ಶೇ 6ರಿಂದ 9. ಆಸ್ಪತ್ರೆ ಬಾಗಿಲಲ್ಲಿ ಕೊಡಲು ಬರುವ ಹತ್ತು ಸಾವಿರವನ್ನು ಈ ಅಂಕಿಯ ಪಕ್ಕದಲ್ಲಿಟ್ಟು ನೋಡಿ.

ಗುಣಕ ವಯಸ್ಸಿನ ಮೇಲೆ ನಿಂತಿರುವುದರಿಂದ ವಯಸ್ಸಿನ ದಾಖಲೆ ಮುಖ್ಯ. ಆಧಾರ್ ಕಾರ್ಡ್ ಹುಟ್ಟಿದ ದಿನಾಂಕಕ್ಕೆ ಪುರಾವೆಯಲ್ಲ, ಶಾಲೆಯ ವರ್ಗಾವಣೆ ಪ್ರಮಾಣಪತ್ರಕ್ಕೆ ಹೆಚ್ಚು ಬೆಲೆ ಎಂದು 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಳೆಯ ಟಿಸಿ ಇದ್ದರೆ ಹುಡುಕಿ ತೆಗೆಯಿರಿ.

ಶಾಲೆಗೆ ಸೈಕಲ್‌ನಲ್ಲಿ ಹೋಗುವ ಮಕ್ಕಳು

2006–07ರಲ್ಲಿ ಆರಂಭವಾದ ಉಚಿತ ಸೈಕಲ್ ಯೋಜನೆಯಿಂದ ರಾಜ್ಯದ ಎಂಟನೇ ತರಗತಿ ಮಕ್ಕಳ ಕೈಗೆ ಸೈಕಲ್ ಬಂತು. ಹೆದ್ದಾರಿ ದಾಟಿ ಹೈಸ್ಕೂಲಿಗೆ ಹೋಗುವ ಮಕ್ಕಳಿಗೆ ಅಪಘಾತವಾದರೆ "ಮಗು ದುಡಿಯುತ್ತಿರಲಿಲ್ಲ, ನಷ್ಟ ಏನು?" ಎಂಬ ವಾದ ನಿಲ್ಲುವುದಿಲ್ಲ. ಕರ್ನಾಟಕದ್ದೇ ಆದ ಮಲ್ಲಿಕಾರ್ಜುನ್ ಪ್ರಕರಣದಲ್ಲಿ (2013) ಸುಪ್ರೀಂ ಕೋರ್ಟ್ ಮಕ್ಕಳ ಅಂಗವೈಕಲ್ಯ ಶೇ 10ರಿಂದ 30ರವರೆಗಿದ್ದರೆ 3 ಲಕ್ಷ, ಶೇ 60ರವರೆಗೆ 4 ಲಕ್ಷ, ಶೇ 90ರವರೆಗೆ 5 ಲಕ್ಷ, ಅದಕ್ಕೂ ಹೆಚ್ಚಿದ್ದರೆ 6 ಲಕ್ಷ ಎಂದು ಅಳತೆಗೋಲು ಹಾಕಿಕೊಟ್ಟಿತು. ಚಿಕಿತ್ಸೆಯ ಖರ್ಚು ಇದರ ಮೇಲೆ. ಕಾಜಲ್ ಪ್ರಕರಣದಲ್ಲಿ (2020) ಇನ್ನೂ ಮುಂದೆ ಹೋಗಿ, ತೀವ್ರ ಅಂಗವೈಕಲ್ಯಕ್ಕೆ ಒಳಗಾದ 12 ವರ್ಷದ ಬಾಲಕಿಗೆ ನುರಿತ ಕಾರ್ಮಿಕರ ಕನಿಷ್ಠ ವೇತನವನ್ನೇ ಆದಾಯವೆಂದು ಹಿಡಿಯಿತು. ಮಕ್ಕಳ ಪರವಾಗಿ ತಂದೆ ಅಥವಾ ತಾಯಿ ಅರ್ಜಿ ಹಾಕಬೇಕು.

ಗುದ್ದಿದ ವಾಹನಕ್ಕೇ ವಿಮೆ ಇಲ್ಲದಿದ್ದರೆ?

ಹಳ್ಳಿ ರಸ್ತೆಯಲ್ಲಿ ಇದು ನಿಜವಾದ ಸಮಸ್ಯೆ, ಮುಖ್ಯವಾಗಿ ಟ್ರ್ಯಾಕ್ಟರ್ ಮತ್ತು ಹಳೆಯ ಬೈಕುಗಳಲ್ಲಿ. ಆಗ ಪರಿಹಾರ ಕೊಡಬೇಕಾದವರು ಮಾಲೀಕರು. ವಿಮೆ ಇಲ್ಲದ ವಾಹನದಿಂದ ಅಪಘಾತವಾದರೆ, ಮಾಲೀಕರು ಭದ್ರತೆ ಕೊಡದ ಹೊರತು ವಾಹನವನ್ನು ಬಿಡಬಾರದು, ಕೊಡದಿದ್ದರೆ ಹರಾಜು ಹಾಕಿ ಹಣವನ್ನು ನ್ಯಾಯಮಂಡಳಿಯಲ್ಲಿ ಇಡಬೇಕು ಎಂಬ ನಿಯಮ ತರುವಂತೆ 2018ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಸೂಚಿಸಿದೆ. ಹಾಗಾಗಿ ವಾಹನ ಠಾಣೆಯಿಂದ ಹೊರಹೋಗುವ ಮೊದಲೇ ನಿಮ್ಮ ವಕೀಲರು ಈ ಬಗ್ಗೆ ಅರ್ಜಿ ಹಾಕುವುದು ಒಳ್ಳೆಯದು.

ವಿಮೆ ಇದ್ದು ಚಾಲಕನಿಗೆ ಲೈಸೆನ್ಸ್ ಇಲ್ಲದಿದ್ದರೆ, ಸಾಮಾನ್ಯವಾಗಿ ವಿಮಾ ಕಂಪನಿ ಮೊದಲು ಗಾಯಾಳುವಿಗೆ ಹಣ ಕೊಟ್ಟು ನಂತರ ಮಾಲೀಕರಿಂದ ವಸೂಲಿ ಮಾಡಿಕೊಳ್ಳಬೇಕು. 2020ರ ಯಲ್ಲವ್ವ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್‌ನ ಪೂರ್ಣಪೀಠ ಈ ತತ್ವವನ್ನು ವಿವರವಾಗಿ ಎತ್ತಿಹಿಡಿದಿದೆ. ಸರ್ಕಾರಿ ಬಸ್ಸು ಗುದ್ದಿದರೆ ಸಾರಿಗೆ ನಿಗಮವೇ ಪರಿಹಾರ ಕೊಡಬೇಕು.

ಇಟ್ಟುಕೊಳ್ಳಬೇಕಾದ ಕಾಗದಗಳು

• ಎಫ್‌ಐಆರ್, ದೂರು, ಸ್ಥಳ ಮಹಜರು, ನಕ್ಷೆ, ದೋಷಾರೋಪ ಪಟ್ಟಿ
• ಗುದ್ದಿದ ವಾಹನದ ಆರ್‌ಸಿ, ವಿಮಾ ಪಾಲಿಸಿ, ಚಾಲಕನ ಲೈಸೆನ್ಸ್ ಪ್ರತಿ (ಠಾಣೆಯಲ್ಲಿ ಸಿಗುತ್ತವೆ)
• ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ, ಎಲ್ಲ ಬಿಲ್ಲುಗಳ ಮೂಲಪ್ರತಿ
• ಅಂಗವೈಕಲ್ಯ ಪ್ರಮಾಣಪತ್ರ (ಚಿಕಿತ್ಸೆ ಮುಗಿದ ಮೇಲೆ)
• ವಯಸ್ಸು ಮತ್ತು ಆದಾಯ ತೋರಿಸುವ ದಾಖಲೆ: ಟಿಸಿ, ಪಹಣಿ, ಉದ್ಯೋಗ ಖಾತರಿ ಚೀಟಿ, ಬ್ಯಾಂಕ್ ಪಾಸ್‌ಬುಕ್
• ಪ್ರತ್ಯಕ್ಷದರ್ಶಿಗಳ ಹೆಸರು ಮತ್ತು ಫೋನ್ ಸಂಖ್ಯೆ

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಇರುವ ಕಾನೂನು ಸೇವೆಗಳ ಸಮಿತಿಗೆ ಹೋಗಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ವರಮಾನ ಮಿತಿಯೊಳಗಿನವರು ಉಚಿತ ವಕೀಲರನ್ನು ಪಡೆಯಬಹುದು. ಸಹಾಯವಾಣಿ ಸಂಖ್ಯೆ 15100. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಗಾಯಾಳುವಿಗೆ ಇದೆಯೇ ಎಂದೂ ನೋಡಿ. ಅದರಲ್ಲಿ ಅಪಘಾತದ ಸಾವಿಗೆ 2 ಲಕ್ಷ, ಶಾಶ್ವತ ಭಾಗಶಃ ಅಂಗವೈಕಲ್ಯಕ್ಕೆ 1 ಲಕ್ಷದವರೆಗೆ ಸಿಗುತ್ತದೆ. ಇದನ್ನು ಪಡೆದಿದ್ದೀರಿ ಎಂದು ನ್ಯಾಯಮಂಡಳಿಯ ಪರಿಹಾರ ನಿಲ್ಲುವುದಿಲ್ಲ.

ಹಾಗಾದರೆ ರಾಜಿ ಮಾಡಿಕೊಳ್ಳಲೇಬಾರದೇ?

ಮಾಡಿಕೊಳ್ಳಬಹುದು, ಆದರೆ ಅದಕ್ಕೆ ಸ್ಥಳ ಲೋಕ ಅದಾಲತ್. ಅಲ್ಲಿ ನ್ಯಾಯಾಧೀಶರ ಮುಂದೆ, ಗಾಯದ ಪ್ರಮಾಣ ಗೊತ್ತಾದ ಮೇಲೆ, ವಿಮಾ ಕಂಪನಿಯ ಜೊತೆ ಮಾತುಕತೆಯಾಗುತ್ತದೆ. ಒಪ್ಪಿದ ಮೊತ್ತಕ್ಕೆ ನ್ಯಾಯಾಲಯದ ತೀರ್ಪಿನಷ್ಟೇ ಬಲವಿರುತ್ತದೆ. "ಯಾಕಣ್ಣ ಕೋರ್ಟು ಕಚೇರಿ, ಇಲ್ಲೇ ಮುಗಿಸಿಕೊಳ್ಳೋಣ" ಎನ್ನುವ ವಾಹನ ಮಾಲೀಕರಿಗೂ ಇದನ್ನು ವಿವರಿಸಿ ಹೇಳಬಹುದು: ವಿಮೆ ಇದ್ದರೆ, ಚಾಲಕನ ಕಾಗದಪತ್ರ ಸರಿಯಿದ್ದರೆ, ಪರಿಹಾರ ಕಟ್ಟುವುದು ಅವರ ಜೇಬಿನಿಂದಲ್ಲ, ಕಂಪನಿಯಿಂದ. ಅದಕ್ಕಾಗಿಯೇ ಅವರು ಪ್ರತಿ ವರ್ಷ ಪ್ರೀಮಿಯಂ ಕಟ್ಟಿರುತ್ತಾರೆ. ಅದೇ ಊರಿನವರ ನಡುವೆ ಮನಸ್ತಾಪವಿಲ್ಲದೆ ಪ್ರಕರಣ ದಾಖಲಾಗಲು ಈ ಒಂದು ಮಾತು ಎಷ್ಟೋ ಸಲ ಸಾಕಾಗುತ್ತದೆ.